ಗೋಪಿಯರ ಅಳಲಿಗೆ ಕನ್ನಡದ ನುಡಿಯಿತ್ತ ಶ್ರೀಪಾದರಾಜರು

ಜ್ಯೇಷ್ಠ ಶುದ್ಧ ಚತುರ್ದಶಿಯು ಮುಳಬಾಗಿಲಿನ ಶ್ರೀಪಾದರಾಜ ಗುರುಗಳ ಆರಾಧನೆಯ ಪುಣ್ಯತಿಥಿಯಾಗಿರುತ್ತದೆ. ಆ ನಿಮಿತ್ತವಾಗಿ ಶ್ರೀಗಳವರ ಚರಿತ್ರೆಯನ್ನು ಸಂಗ್ರಹವಾಗಿ ಆಸ್ತಿಕ ಮಹಾಶಯರ ಮುಂದೆ ನಿವೇದಿಸಲು ಈ ಲೇಖನವನ್ನು ಬರೆಯಲಾಗಿದೆ. ಅವರು ನಿತ್ಯವೂ ಅರವತ್ತು ಬಗೆಯ ಭಕ್ಷ್ಯಗಳನ್ನು ದೇವರಿಗೆ ನಿವೇದಿಸುತ್ತಿದ್ದ ಸಂಗತಿ, ಸರ್ಪದೊಡನೆ ಸರ್ಪಭಾಷೆಯಲ್ಲಿಯೇ ಮಾತನಾಡಿದ ಸಂಗತಿ, ನರಸಿಂಹತೀರ್ಥಕ್ಕೆ ಗಂಗೆಯು ಬಂದ ಸಂಗತಿ, ಇವೆಲ್ಲವನ್ನೂ ವಾಚಕರು ಪ್ರವಚನಗಳಲ್ಲಿ ಅನೇಕ ಸಲ ಕೇಳಿರುತ್ತಾರೆ. ಅವುಗಳನ್ನು ಇಲ್ಲಿ ಮತ್ತೆ ವಿಸ್ತರಿಸುವುದಿಲ್ಲ. ಬಾಲ್ಯದಲ್ಲಿಯೇ ತಾಯಿತಂದೆಯರನ್ನು ಅಗಲಿ ಕಾಷಾಯ ಧರಿಸಿದ, ನ್ಯಾಯಸುಧೆಗೆ ಟಿಪ್ಪಣಿ ರಚಿಸಿದ ಒಬ್ಬ ತಾರ್ಕಿಕಶಿರೋಮಣಿಯು ಪ್ರೀತಿಸಿದವರ ಅಗಲಿಕೆಯಿಂದ ಬೇಯುವ ಹೆಂಗಸರ ಮನಸ್ಸಿಗೆ ಕನ್ನಡದಲ್ಲಿ ಮಾತು ಕೊಟ್ಟನೆಂಬುದು, ನನ್ನ ದೃಷ್ಟಿಯಲ್ಲಿ, ಆ ಮಹಿಮೆಗಳಿಗಿಂತ ಕಡಿಮೆಯಾದ ಸಂಗತಿಯಲ್ಲ. ಆ ಒಂದು ಮುಖವನ್ನೇ ಇಲ್ಲಿ ಮುಖ್ಯವಾಗಿ ನೋಡೋಣ.

ಶ್ರೀಗಳವರ ಜನನ ಮತ್ತು ಬೃಂದಾವನಪ್ರವೇಶದ ವರ್ಷಗಳನ್ನು ಬೇರೆ ಬೇರೆ ಗ್ರಂಥಗಳು ಬೇರೆ ಬೇರೆಯಾಗಿ ಕೊಡುತ್ತವೆ. ಅವರ ಕಾರ್ಯಕಾಲ ಕ್ರಿ.ಶ. 15ನೆಯ ಶತಮಾನವೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಜನ್ಮಸ್ಥಳ ಚನ್ನಪಟ್ಟಣದ ಬಳಿಯ ಅಬ್ಬೂರು. ಸಂಪ್ರದಾಯವು ಹೇಳುವಂತೆ ತಂದೆ ಶೇಷಗಿರಿಯಪ್ಪನವರು, ತಾಯಿ ಗಿರಿಯಮ್ಮನವರು; ಮಗುವಿಗೆ ಇಟ್ಟ ಹೆಸರು ಲಕ್ಷ್ಮೀನಾರಾಯಣ. ಮನೆತನ ಬಡತನದ್ದು. ಬಾಲಕನು ಮನೆಯಲ್ಲಿ ಅಷ್ಟಿಷ್ಟು ಪಾಠ ಕಲಿಯುತ್ತಾ ಊರಾಚೆಯ ಬಯಲಿನಲ್ಲಿ ದನಗಳನ್ನು ಕಾಯುತ್ತಿದ್ದನು.

ಒಂದು ದಿನ ಸಾಯಂಕಾಲ, ಶ್ರೀಪದ್ಮನಾಭತೀರ್ಥರ ಪರಂಪರೆಯ ಸ್ವರ್ಣವರ್ಣತೀರ್ಥ ಶ್ರೀಪಾದಂಗಳವರು ಶ್ರೀರಂಗದಿಂದ ಹೊರಟು, ಅಬ್ಬೂರಿನಲ್ಲಿದ್ದ ಪುರುಷೋತ್ತಮತೀರ್ಥರ ದರ್ಶನಕ್ಕಾಗಿ ಪಲ್ಲಕ್ಕಿಯಲ್ಲಿ ಬರುತ್ತಿದ್ದರು. ದಾರಿಯಲ್ಲಿ ದನ ಹೊಡೆದುಕೊಂಡು ಹೋಗುತ್ತಿದ್ದ ಈ ಹುಡುಗನನ್ನು ಕಂಡು ಅಬ್ಬೂರು ಇನ್ನೆಷ್ಟು ದೂರವಿದೆಯೆಂದು ಕೇಳಿದರಂತೆ. ಹುಡುಗನು ದೂರವನ್ನು ಹೇಳಲಿಲ್ಲ. ಮುಳುಗುತ್ತಿರುವ ಸೂರ್ಯನನ್ನೂ, ತನ್ನ ಪ್ರಾಯವನ್ನೂ, ಮನೆಗೆ ಮರಳುತ್ತಿರುವ ದನಗಳನ್ನೂ ನೋಡಿ ಊರು ಎಷ್ಟು ದೂರವಿದ್ದೀತೆಂದು ತಾವೇ ಊಹಿಸಬಹುದಲ್ಲವೇ ಎಂದು ವಿನಯದಿಂದ ವಿಜ್ಞಾಪಿಸಿಕೊಂಡನಂತೆ. ಕತ್ತಲಾಗುವ ಹೊತ್ತಿಗೆ ಸಣ್ಣ ಹುಡುಗನೊಬ್ಬನು ದನಗಳೊಂದಿಗೆ ನಿಶ್ಚಿಂತೆಯಿಂದ ಇದ್ದಾನೆಂದ ಮೇಲೆ ಊರು ಹತ್ತಿರವೇ ಇರಬೇಕು. ಹೇತು, ಸಾಧ್ಯ, ವ್ಯಾಪ್ತಿಗಳೆಂಬ ಶಬ್ದಗಳನ್ನೇ ಕೇಳದ ಬಾಲಕನ ಬಾಯಲ್ಲಿ ನಿರ್ದುಷ್ಟವಾದ ಅನುಮಾನಪ್ರಮಾಣವನ್ನು ಕೇಳಿ ಗುರುಗಳು ಬೆರಗಾದರು. ಆ ಹುಡುಗನನ್ನು ತಮಗೆ ಕೊಡಬೇಕೆಂದು ತಂದೆತಾಯಿಗಳನ್ನು ಕೇಳಿದರು, ಅವರು ಕೊಟ್ಟರು.

ಈ ಪ್ರಸಂಗವನ್ನು ಹೇಳುವವರು ಹುಡುಗನ ಜಾಣತನವನ್ನು ಕೊಂಡಾಡಿ ಮುಂದೆ ಸಾಗುವುದು ರೂಢಿ. ಆದರೆ ಇದರಲ್ಲಿ ಎರಡು ಅಂಶಗಳು ನಿಂತು ಯೋಚಿಸತಕ್ಕವು. ಮೊದಲನೆಯದು, ಈ ಮಹನೀಯರು ಗೋಪಾಲಕರ ಬಾಳನ್ನು ಪುಸ್ತಕದಿಂದ ತಿಳಿದವರಲ್ಲ. ಸಂಜೆ ಹಟ್ಟಿಗೆ ಮರಳುವ ಹಸುಗಳ ಗೊರಸಿನ ಧೂಳು, ಕರುವಿನ ಕೂಗಿಗೆ ತಾಯಿಹಸುವು ಕಿವಿ ನಿಮಿರಿಸುವ ಬಗೆ, ತಡವಾಗಿ ಬಂದ ಹುಡುಗನಿಗಾಗಿ ಬಾಗಿಲಲ್ಲಿ ಕಾದಿರುವ ತಾಯಿಯ ಮುಖ, ಇವೆಲ್ಲವೂ ಅವರು ಕಂಡುಂಡದ್ದು. ಎರಡನೆಯದು, ಗಿರಿಯಮ್ಮನವರ ವಿಷಯ. ಮಗನು ಯತಿಯಾಗುವುದು ಕುಲಕ್ಕೆ ಶ್ರೇಯಸ್ಸೆಂಬುದು ಸತ್ಯ. ಆ ರಾತ್ರಿ ಆ ಮನೆಯಲ್ಲಿ ಒಂದು ಎಲೆ ಕಡಿಮೆಯಾಯಿತೆಂಬುದೂ ಅಷ್ಟೇ ಸತ್ಯ. ಚರಿತ್ರೆಯು ಆ ತಾಯಿಯ ದುಃಖದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮುಂದೆ ಅವರ ಮಗನು ವ್ರಜದ ಹೆಂಗಸರ ಅಗಲಿಕೆಯನ್ನು ಹಾಡಾಗಿಸಿದನೆಂಬುದನ್ನು ಓದುವಾಗ ನನಗೆ ಮಾತ್ರ ಆಕೆಯ ನೆನಪಾಗದೆ ಇರುವುದಿಲ್ಲ.

ಬಾಲಕನಿಗೆ ಲಕ್ಷ್ಮೀನಾರಾಯಣತೀರ್ಥರೆಂಬ ನಾಮದಿಂದ ಸಂನ್ಯಾಸವಾಯಿತು. ಶಾಸ್ತ್ರಾಧ್ಯಯನವು ವಿಬುಧೇಂದ್ರತೀರ್ಥರಲ್ಲಿ ನಡೆಯಿತು. ಕೃಷ್ಣಾತೀರದ ಕೊಪ್ಪರ ಕ್ಷೇತ್ರದಲ್ಲಿ ಉತ್ತರಾದಿಮಠದ ರಘುನಾಥತೀರ್ಥರ ಸನ್ನಿಧಿಯಲ್ಲಿ ನಡೆದ ವಿದ್ವತ್ಸಭೆಯಲ್ಲಿ ಈ ತರುಣ ಯತಿಗಳು ನ್ಯಾಯಸುಧೆಯನ್ನು ಅನುವಾದಿಸಿದ ವೈಖರಿಯನ್ನು ಕಂಡು, ತಾವೆಲ್ಲ ಶ್ರೀಪಾದರಾದರೆ ಇವರು ಶ್ರೀಪಾದರಿಗೆ ರಾಜರೆಂದು ರಘುನಾಥತೀರ್ಥರು ಆ ಬಿರುದನ್ನು ಅನುಗ್ರಹಿಸಿದರೆಂದು ಪ್ರತೀತಿಯಿದೆ. ಆಶ್ರಮನಾಮವನ್ನು ಮರೆಸುವಷ್ಟು ಆ ಬಿರುದೇ ನಿಂತುಹೋಯಿತು. ಸುಧೆಯ ಮೇಲಿನ ಅವರ ಟಿಪ್ಪಣಿಗೆ ವಾಗ್ವಜ್ರವೆಂದು ಹೆಸರು.

ಅವರು ನೆಲೆಸಿದ್ದು ಮುಳಬಾಗಿಲಿನಲ್ಲಿ. ಅಕ್ಷೋಭ್ಯತೀರ್ಥರ ಸಂಬಂಧದಿಂದ ಮಾಧ್ವರಿಗೆ ಆ ಸ್ಥಳವು ಮೊದಲೇ ಪೂಜ್ಯವಾಗಿತ್ತು. ಊರಿಗೆ ಸಮೀಪದ ನರಸಿಂಹತೀರ್ಥದಲ್ಲಿ ವಿದ್ಯಾಪೀಠವು ಬೆಳೆಯಿತು. ವಿಜಯನಗರದ ಸಾಳುವ ನರಸಿಂಹನಿಗೆ ಶ್ರೀಗಳವರಲ್ಲಿ ಬಹಳ ಗೌರವವಿತ್ತೆಂದು ಹೇಳುತ್ತಾರೆ. ರಾಜಮರ್ಯಾದೆ, ಪಟ್ಟೆಪೀತಾಂಬರ, ಮುತ್ತಿನ ಹಾರ, ವೈಭವದ ಪೂಜೆ ಯಾವುದಕ್ಕೂ ಕೊರತೆಯಿರಲಿಲ್ಲ. ಇಂತಹ ಸಂಸ್ಥಾನದಲ್ಲಿ, ದಿಗ್ಗಜ ಪಂಡಿತರು ಕುಳಿತಿರುವಾಗ, ದೇವರ ಪೂಜಾಕಾಲದಲ್ಲಿ ಕನ್ನಡದ ಪದಗಳು ಕೇಳಿಬರತೊಡಗಿದವು. ಹಾಡುವುದಕ್ಕೆಂದೇ ಭಾಗವತರನ್ನು ಶ್ರೀಗಳವರು ನಿಯಮಿಸಿದ್ದರೆಂದು ಸಂಪ್ರದಾಯದಲ್ಲಿ ಹೇಳಿಕೆಯಿದೆ.

ಶ್ರೀಮದಾಚಾರ್ಯರ ಸಾಕ್ಷಾಚ್ಛಿಷ್ಯರಾದ ನರಹರಿತೀರ್ಥರು ಅದಕ್ಕೂ ಮೊದಲು ಕನ್ನಡದಲ್ಲಿ ಪದಗಳನ್ನು ರಚಿಸಿದ್ದುಂಟು. ಅವುಗಳಲ್ಲಿ ನಮಗೆ ಉಳಿದಿರುವುದು ಕೆಲವೇ. ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಮೇಲ್ಪಟ್ಟು ಆ ದಾರಿಯಲ್ಲಿ ಹೆಜ್ಜೆಯ ಗುರುತು ಕಾಣುವುದಿಲ್ಲ. ಆದುದರಿಂದ ಮುಳಬಾಗಿಲಿನಲ್ಲಿ ನಡೆದದ್ದು ಸಣ್ಣ ಮಾತಲ್ಲ. ದೇವಭಾಷೆಯಲ್ಲಿ ಸ್ತೋತ್ರಗಳಿಗೆ ಕೊರತೆಯಿಲ್ಲದಿರುವಾಗ ಅಡಿಗೆಮನೆಯ ಭಾಷೆಯು ದೇವರ ಮನೆಗೆ ಏಕೆ ಬರಬೇಕು? ಯತಿಯಾದವನು ಹೆಂಗಸರ ವಿರಹವನ್ನು ವರ್ಣಿಸುವುದು ಆಶ್ರಮಕ್ಕೆ ಒಪ್ಪುತ್ತದೆಯೇ? ಪಂಡಿತರಿಗೆ ಇಂತಹ ಪ್ರಶ್ನೆಗಳು ಬಂದಿದ್ದರೆ ಆಶ್ಚರ್ಯವಿಲ್ಲ. ಇಂದಿಗೂ ಕೆಲವರು ಹಾಗೆ ಕೇಳುವುದುಂಟು.

ಎರಡನೆಯ ಪ್ರಶ್ನೆಗೆ ಉತ್ತರವು ನಮ್ಮ ಸಿದ್ಧಾಂತದಲ್ಲಿಯೇ ಇದೆ. ಭಕ್ತಿಯೆಂದರೆ ಏನೆಂಬುದನ್ನು ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಆಚಾರ್ಯರು ನಿರೂಪಿಸುವಾಗ ಭಗವಂತನ ಮಾಹಾತ್ಮ್ಯದ ಅರಿವನ್ನು ಮೊದಲಿಟ್ಟು, ಆ ಅರಿವಿನ ಮೇಲೆ ನಿಂತ, ಬೇರೆ ಎಲ್ಲಕ್ಕಿಂತ ಮಿಗಿಲಾದ, ಕದಲದ ಸ್ನೇಹವನ್ನು ಸೇರಿಸಿದ್ದಾರೆ. ಅರಿವಿಲ್ಲದ ಸ್ನೇಹವು ಮೋಹವಾಗುತ್ತದೆಂದು ನಾವೆಲ್ಲರೂ ಬಾಲ್ಯದಿಂದ ಕೇಳುತ್ತಾ ಬಂದಿದ್ದೇವೆ. ಸ್ನೇಹವಿಲ್ಲದ ಅರಿವು ಏನಾಗುತ್ತದೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಅರಿವಿನ ಭಾಗಕ್ಕೆ ಶ್ರೀಪಾದರಾಜರು ವಾಗ್ವಜ್ರವನ್ನು ಬರೆದರು. ಸ್ನೇಹದ ಭಾಗಕ್ಕೆ ಬೇರೆಯೇ ಮಾತು ಬೇಕಾಗಿತ್ತು. ಸಿಟ್ಟು, ಮುನಿಸು, ಹಂಬಲ, ಅಸೂಯೆ, ಅಂಜಿಕೆ, ಕಣ್ಣೀರು ಇವುಗಳನ್ನು ಮನುಷ್ಯನು ಪಾಠಶಾಲೆಯಲ್ಲಿ ಕಲಿತ ಭಾಷೆಯಲ್ಲಿ ಆಡುವುದಿಲ್ಲ. ತಾಯಿಯ ಮಡಿಲಿನಲ್ಲಿ ಕಲಿತದ್ದರಲ್ಲಿ ಆಡುತ್ತಾನೆ. ಮೊದಲನೆಯ ಪ್ರಶ್ನೆಗೂ ಇದರಲ್ಲಿಯೇ ಉತ್ತರವು ಸಿಕ್ಕಿತೆಂದು ತೋರುತ್ತದೆ.

ಶ್ರೀಗಳವರು ಆರಿಸಿಕೊಂಡದ್ದು ಶ್ರೀಮದ್ಭಾಗವತದ ದಶಮಸ್ಕಂಧದ ಮೂರು ಸನ್ನಿವೇಶಗಳನ್ನು. ವೇಣುಗೀತೆ, ಗೋಪೀಗೀತೆ, ಭ್ರಮರಗೀತೆ ಎಂಬ ಅವರ ಮೂರು ಕನ್ನಡ ಕೃತಿಗಳೂ ಅವುಗಳನ್ನು ಆಧರಿಸಿವೆ. ಪ್ರಚಲಿತ ಪಾಠದಲ್ಲಿ ಇವು 21, 31 ಮತ್ತು 47ನೆಯ ಅಧ್ಯಾಯಗಳಲ್ಲಿ ಬರುತ್ತವೆ. ಮೂರೂ ಪ್ರೀತಿಯ ಮಾತುಗಳೇ. ಆದರೆ ಯಾರೊಂದಿಗೆ ಆಡಿದ ಮಾತೆಂಬುದು ಮೂರರಲ್ಲಿಯೂ ಬೇರೆ ಬೇರೆ, ಇದನ್ನು ಗಮನಿಸಬೇಕು.

ವೇಣುಗೀತೆಯಲ್ಲಿ ಕೃಷ್ಣನು ಕಾಡಿನಲ್ಲಿದ್ದಾನೆ, ಗೋಪಿಯರು ಊರಿನಲ್ಲಿದ್ದಾರೆ. ಕೊಳಲಿನ ನಾದವು ಮಾತ್ರ ನಡುವೆ ಹರಿಯುತ್ತದೆ. ಅವರು ತಮ್ಮತಮ್ಮಲ್ಲಿಯೇ ಮಾತನಾಡಿಕೊಳ್ಳುತ್ತಾರೆ. ತಮ್ಮ ಮನಸ್ಸಿನಲ್ಲಿ ಏನಾಗುತ್ತಿದೆಯೆಂದು ಯಾರೂ ನೇರವಾಗಿ ಹೇಳುವುದಿಲ್ಲ. ಕಿವಿ ನಿಮಿರಿಸಿ ನಾದವನ್ನು ಸವಿಯುತ್ತಾ ನಿಂತ ಹಸುಗಳನ್ನೂ, ಮೊಲೆಯ ಹಾಲನ್ನು ನುಂಗದೆ ಕಣ್ಣೀರಿಡುವ ಕರುಗಳನ್ನೂ, ಹೆಣ್ಣು ಜಿಂಕೆಗಳನ್ನೂ, ಸುಳಿ ತಿರುಗುವ ನದಿಯನ್ನೂ, ಬಿಸಿಲಿಗೆ ಕೊಡೆಯಾಗುವ ಮೋಡವನ್ನೂ ವರ್ಣಿಸುತ್ತಾರೆ. ತನ್ನ ಆಸೆಯನ್ನು ಹೇಳಿಕೊಳ್ಳಲು ನಾಚುವವಳು ಹಸುವಿನ ಭಾಗ್ಯವನ್ನು ಹೊಗಳುತ್ತಾಳೆ. ದನ ಕಾಯ್ದ ಬಾಲಕನು ಮುಂದೆ ಈ ಭಾಗವನ್ನು ಕನ್ನಡಕ್ಕೆ ತಂದನೆಂಬುದು ಹೊಂದಿಕೆಯಾಗಿಯೇ ಇದೆ.

ಗೋಪೀಗೀತೆಯ ಹೊತ್ತಿಗೆ ನಾಚಿಕೆಯು ಹೋಗಿದೆ. ರಾಸದ ನಡುವೆ ಸ್ವಾಮಿಯು ಕಣ್ಮರೆಯಾಗಿದ್ದಾನೆ. ಹುಡುಕಿ ಹುಡುಕಿ ದಣಿದು ಯಮುನೆಯ ಮರಳಿನ ಮೇಲೆ ಕುಳಿತು ಅವನನ್ನೇ ಕುರಿತು ಹಾಡುತ್ತಾರೆ. ಮೂಲದಲ್ಲಿ 19 ಶ್ಲೋಕಗಳು. ಇಲ್ಲಿ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ನೀನು ಯಶೋದೆಯ ಮಗನಷ್ಟೇ ಅಲ್ಲ, ಸಕಲ ಜೀವರ ಅಂತರಂಗದ ಸಾಕ್ಷಿಯೆಂದು ಅವರು ಅರಿತೇ ಹೇಳುತ್ತಾರೆ. ಅದೇ ಬಾಯಲ್ಲಿ, ದನಗಳ ಹಿಂದೆ ನಡೆಯುವಾಗ ಕಾಡಿನ ಕಲ್ಲು, ಹುಲ್ಲಿನ ಮೊನೆ ನಿನ್ನ ಮೆತ್ತಗಿನ ಪಾದಗಳಿಗೆ ಚುಚ್ಚೀತೆಂದು ಹೊಟ್ಟೆ ಉರಿದುಕೊಳ್ಳುತ್ತಾರೆ. ಬ್ರಹ್ಮಾಂಡವನ್ನು ಹೊತ್ತವನ ಕಾಲಿಗೆ ಕಲ್ಲು ಚುಚ್ಚುವುದೇ? ತರ್ಕಕ್ಕೆ ಇದು ನಿಲ್ಲುವುದಿಲ್ಲ. ಸ್ನೇಹಕ್ಕೆ ನಿಲ್ಲುತ್ತದೆ. ಮಗನು ದೊಡ್ಡ ಅಧಿಕಾರಿಯಾದರೂ ಮಳೆಯಲ್ಲಿ ನೆನೆದಾನೆಂದು ತಾಯಿಯು ಬಾಗಿಲಲ್ಲಿ ನಿಲ್ಲುವುದಿಲ್ಲವೇ, ಹಾಗೆ. ಅರಿವು, ಸ್ನೇಹ ಎರಡೂ ಒಂದನ್ನೊಂದು ಅಳಿಸದೆ ಒಂದೇ ಉಸಿರಿನಲ್ಲಿ ಬರುವುದರಿಂದಲೇ ಈ ಗೀತೆಯನ್ನು ಸುಧಾಪಂಡಿತರು ನಿಶ್ಶಂಕೆಯಿಂದ ಕೈಗೆತ್ತಿಕೊಂಡರೆಂದು ನಾನು ತಿಳಿಯುತ್ತೇನೆ. ಲೌಕಿಕ ಶೃಂಗಾರವೆಂದು ಇದನ್ನು ಓದುವವರು ಮೊದಲನೆಯ ಮಾತನ್ನು ಬಿಟ್ಟು ಎರಡನೆಯದನ್ನಷ್ಟೇ ಓದುತ್ತಾರೆ.

ಭ್ರಮರಗೀತೆಯ ಬಗೆ ಇನ್ನೊಂದು. ಕೃಷ್ಣನು ಮಧುರೆಗೆ ಹೋಗಿ ದಿನಗಳೆಷ್ಟೋ ಕಳೆದಿವೆ. ಬರುವೆನೆಂದವನು ಬರಲಿಲ್ಲ. ಬೃಹಸ್ಪತಿಯ ಶಿಷ್ಯನೂ ಬುದ್ಧಿವಂತರಲ್ಲಿ ಅಗ್ರಗಣ್ಯನೂ ಆದ ಉದ್ಧವನು ಸಮಾಧಾನ ಹೇಳಲು ಬಂದಿದ್ದಾನೆ. ಆಗ ಎಲ್ಲಿಂದಲೋ ಹಾರಿ ಬಂದ ದುಂಬಿಯನ್ನು ಕಂಡು ಒಬ್ಬ ಗೋಪಿಯು ಅದರೊಂದಿಗೆ ಜಗಳಕ್ಕೆ ನಿಲ್ಲುತ್ತಾಳೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ನಮ್ಮ ಗಾದೆಯನ್ನು ನೆನೆದರೆ ಈ ಪ್ರಸಂಗದ ಒಳಗು ತಿಳಿಯುತ್ತದೆ. ಪಟ್ಟಣದ ಹೆಂಗಸರ ಕುಂಕುಮವು ನಿನ್ನ ಮೀಸೆಗೆ ಅಂಟಿದೆ, ನನ್ನ ಕಾಲು ಮುಟ್ಟಬೇಡವೆನ್ನುತ್ತಾಳೆ. ನಿನ್ನ ಒಡೆಯನೂ ನಿನ್ನಂತೆಯೇ, ಹೂವಿನ ಜೇನು ಹೀರಿ ಹಾರಿಹೋಗುವವನೆನ್ನುತ್ತಾಳೆ. ಹಿಂದಿನ ಅವತಾರಗಳನ್ನೂ ಬಿಡುವುದಿಲ್ಲ: ವಾಲಿಯನ್ನು ಬೇಡನಂತೆ ಕೊಂದದ್ದು, ಬಯಸಿ ಬಂದ ಶೂರ್ಪನಖಿಯನ್ನು ವಿರೂಪಗೊಳಿಸಿದ್ದು, ಕೊಟ್ಟ ಬಲಿಯನ್ನೇ ಕಟ್ಟಿದ್ದು, ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತಾಳೆ. ಇಷ್ಟಾದರೂ ಅವನ ಮಾತನ್ನು ಬಿಡಲು ಆಗುವುದಿಲ್ಲವೆಂದು ಅವಳೇ ಒಪ್ಪುತ್ತಾಳೆ. ಕೊನೆಗೆ ದನಿಯು ಇಳಿಯುತ್ತದೆ. ಅವನು ಕ್ಷೇಮವೇ? ತಂದೆಯ ಮನೆಯನ್ನು ನೆನೆಯುತ್ತಾನೆಯೇ? ನಮ್ಮಂಥ ದಾಸಿಯರ ಮಾತನ್ನು ಎಂದಾದರೂ ಎತ್ತುತ್ತಾನೆಯೇ? ಮೂಲದಲ್ಲಿ ಇದಿಷ್ಟೂ 10 ಶ್ಲೋಕಗಳ ಒಳಗೆ ಮುಗಿಯುತ್ತದೆ. ಬೈಗುಳದಿಂದ ಹೊರಟು ಕ್ಷೇಮಸಮಾಚಾರಕ್ಕೆ ಬಂದು ನಿಲ್ಲುವ ಈ ಹಾದಿಯನ್ನು, ಮನೆ ಬಿಟ್ಟು ಹೋದವರಿಗಾಗಿ ಕಾಯ್ದು ಗೊತ್ತಿರುವ ಯಾರಿಗೂ ವಿವರಿಸಬೇಕಾಗಿಲ್ಲ.

ಉದ್ಧವನು ತತ್ತ್ವವನ್ನು ಬೋಧಿಸಲು ಬಂದವನು. ಮರಳುವಾಗ, ಈ ಹೆಂಗಸರ ಪಾದಧೂಳಿ ಬೀಳುವ ಬೃಂದಾವನದಲ್ಲಿ ಒಂದು ಗಿಡವೋ ಬಳ್ಳಿಯೋ ಆಗಿ ಹುಟ್ಟಬಾರದೇ ಎಂದು ಹಂಬಲಿಸಿದನು. ತಾರತಮ್ಯದ ವಿಚಾರವನ್ನು ಇಲ್ಲಿ ಎತ್ತುವ ಕಾರಣವಿಲ್ಲ. ವಿದ್ವಾಂಸನೊಬ್ಬನು ಹಳ್ಳಿಯ ಹೆಂಗಸರ ಅಳುವಿನ ಮುಂದೆ ತಲೆಬಾಗಿದನೆಂಬುದಷ್ಟನ್ನು ನೋಡಿದರೆ, ಮುಳಬಾಗಿಲಿನ ಯತಿಗಳಿಗೆ ಈ ಪ್ರಸಂಗವು ಏಕೆ ಪ್ರಿಯವಾಯಿತೆಂದು ಊಹಿಸಬಹುದು.

ಕೃತಿಗಳ ಕಟ್ಟಿನಲ್ಲಿಯೂ ಒಂದು ವಿಶೇಷವಿದೆ. ವೃತ್ತವೊಂದು, ಅದರ ಬೆನ್ನಿಗೆ ಹಾಡೊಂದು, ಹೀಗೆ ಸಾಗುವ ಬಗೆಗೆ ವೃತ್ತನಾಮವೆಂದು ಹೆಸರು. ಈ ಪ್ರಕಾರವು ಶ್ರೀಪಾದರಾಜರ ಹೆಸರಿನೊಂದಿಗೆ ಸೇರಿಕೊಂಡಿದೆ. ವೃತ್ತವು ಸಂಸ್ಕೃತದಿಂದ ಬಂದ ಗಂಭೀರ ನಡೆ, ಪದವು ಜನರ ನಾಲಗೆಯ ನಡೆ. ಸಭೆಯಲ್ಲಿ ಕುಳಿತ ಪಂಡಿತರಿಗೂ, ಕಂಬದ ಮರೆಯಲ್ಲಿ ನಿಂತು ಕೇಳುವ ಗೃಹಿಣಿಗೂ ಒಂದೇ ಕೃತಿಯಲ್ಲಿ ಎಡೆಯಾಯಿತು. ಇವಲ್ಲದೆ ಕೀರ್ತನೆ, ಸುಳಾದಿ, ಉಗಾಭೋಗಗಳನ್ನೂ ಅವರು ರಚಿಸಿದರು. ವಾಯುದೇವರ ಮೂರು ಅವತಾರಗಳನ್ನು ಸ್ತುತಿಸುವ ಮಧ್ವನಾಮವು ಮಾಧ್ವರ ಮನೆಮನೆಗಳಲ್ಲಿ ಪಾರಾಯಣವಾಗುತ್ತಿದೆ; ಅದಕ್ಕೆ ಮುಂದೆ ಫಲಸ್ತುತಿಯನ್ನು ಬರೆದವರು ಜಗನ್ನಾಥದಾಸರು. ಶ್ರೀಗಳವರ ಅಂಕಿತ ರಂಗವಿಠಲ.

ಆ ಅಂಕಿತದ ಬಗ್ಗೆ ಒಂದು ಐತಿಹ್ಯವುಂಟು. ಪಂಢರಪುರದಲ್ಲಿ ಭೂಮಿಯೊಳಗಿನಿಂದ ಎರಡು ಪೆಟ್ಟಿಗೆಗಳು ಶ್ರೀಗಳವರಿಗೆ ದೊರೆತವು. ಒಂದರಲ್ಲಿ ರಂಗವಿಠಲನ ಮೂರ್ತಿಯಿತ್ತು. ಇನ್ನೊಂದು ಎಷ್ಟು ಪ್ರಯತ್ನಿಸಿದರೂ ತೆರೆಯಲಿಲ್ಲ. ವರ್ಷಗಳು ಕಳೆದ ಮೇಲೆ, ಶಿಷ್ಯರಾಗಿ ಬಂದಿದ್ದ ವ್ಯಾಸತೀರ್ಥರು ಒಂದು ದಿನ ಪೂಜೆಗೆ ಕುಳಿತಾಗ ಅದು ಅವರ ಕೈಯಲ್ಲಿ ತೆರೆದುಕೊಂಡಿತು. ಒಳಗೆ ಕೊಳಲೂದುವ ಕೃಷ್ಣನಿದ್ದನು. ವ್ಯಾಸತೀರ್ಥರು ಸಾಲಿಗ್ರಾಮಗಳನ್ನೇ ತಾಳವಾಗಿ ಹಿಡಿದು ಕುಣಿದರಂತೆ. ಶ್ರೀಪಾದರಾಜರು ಅದನ್ನು ಕಂಡು ಆ ಮೂರ್ತಿಯನ್ನು ಶಿಷ್ಯರಿಗೇ ಕೊಟ್ಟುಬಿಟ್ಟರು. ವೇಣುಗೀತೆಯನ್ನು ಬರೆದ ಗುರುಗಳು ವೇಣುಗೋಪಾಲನನ್ನು ಶಿಷ್ಯನಿಗೆ ಒಪ್ಪಿಸಿದರೆಂಬ ಈ ಕಥೆಯಲ್ಲಿ ಕೊಟ್ಟವರ ಮನಸ್ಸು ಎಂಥದೆಂದು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ವ್ಯಾಸತೀರ್ಥರು ಬನ್ನೂರಿನವರು, ಅಬ್ಬೂರಿನ ಬ್ರಹ್ಮಣ್ಯತೀರ್ಥರಿಂದ ಸಂನ್ಯಾಸವನ್ನು ಪಡೆದವರು. ಆ ಬ್ರಹ್ಮಣ್ಯತೀರ್ಥರು ಪೂರ್ವಾಶ್ರಮದಲ್ಲಿ ಶ್ರೀಪಾದರಾಜರಿಗೆ ಬಂಧುಗಳೆಂದು ಹೇಳುತ್ತಾರೆ. ಕಂಚಿಯಲ್ಲಿ ಓದಿದ ಮೇಲೆ ವ್ಯಾಸತೀರ್ಥರು ಮುಳಬಾಗಿಲಿಗೆ ಬಂದು ಲಕ್ಷ್ಮೀನಾರಾಯಣಯೋಗಿಗಳಲ್ಲಿ ದೀರ್ಘಕಾಲ ಅಧ್ಯಯನ ಮಾಡಿದುದನ್ನು ಸೋಮನಾಥಕವಿಯ ವ್ಯಾಸಯೋಗಿಚರಿತವು ಹೇಳುತ್ತದೆ. ಮುಂದೆ ಗುರುಗಳ ಸೂಚನೆಯಂತೆಯೇ ಅವರು ಸಾಳುವ ನರಸಿಂಹನ ಆಸ್ಥಾನಕ್ಕೆ ಹೊರಟರು. ನ್ಯಾಯಾಮೃತ, ತರ್ಕತಾಂಡವ, ತಾತ್ಪರ್ಯಚಂದ್ರಿಕೆಗಳೆಂಬ ಮಹಾಗ್ರಂಥಗಳನ್ನು ರಚಿಸಿದ ಅದೇ ವ್ಯಾಸರಾಜರು ಕೃಷ್ಣನನ್ನು ಬೇಗ ಬಾರೆಂದು ಕರೆಯುವ ಕನ್ನಡ ಪದಗಳನ್ನೂ ಹಾಡಿದರು. ಅವರ ಶಿಷ್ಯರು ಪುರಂದರದಾಸರು, ಕನಕದಾಸರು. ಸುಧೆಯ ಪಾಠ ಒಂದು ಕೈಯಲ್ಲಿ, ತಂಬೂರಿ ಇನ್ನೊಂದು ಕೈಯಲ್ಲಿ ಇರಬಹುದೆಂಬುದನ್ನು ಅವರು ಕಲಿತದ್ದು ಮುಳಬಾಗಿಲಿನಲ್ಲಿ.

ಈಗ ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಮಹಿಳೆಯರ ಭಜನಾಮಂಡಳಿಗಳಿವೆ. ಅಲ್ಲಿ ಹಾಡುವವರಲ್ಲಿ ಮಕ್ಕಳನ್ನು ದೂರದೇಶಗಳಿಗೆ ಕಳುಹಿಸಿದವರಿದ್ದಾರೆ, ಪತಿಯನ್ನು ಕಳೆದುಕೊಂಡವರಿದ್ದಾರೆ. ತಮ್ಮ ದುಃಖವನ್ನು ತಮ್ಮದೆಂದು ಹೇಳಿಕೊಳ್ಳುವ ಅಭ್ಯಾಸ ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ಇಲ್ಲ. ಕೇಳಿದರೆ ಎಲ್ಲಾ ದೇವರ ದಯೆಯಿಂದ ಚೆನ್ನಾಗಿದೆಯೆನ್ನುತ್ತಾರೆ. ಗೋಪಿಯ ಮಾತನ್ನು ಹಾಡುವಾಗ ಮಾತ್ರ ಅವರ ದನಿಯು ಬೇರೆಯಾಗುತ್ತದೆ. ಸ್ವರಜ್ಞಾನ ಸಾಲದೆಂದು ಟೀಕಿಸುವ ಸಂಗೀತಗಾರರು ಇದನ್ನು ಸ್ವಲ್ಪ ಗಮನಿಸಬೇಕೆಂದು ನನ್ನ ವಿಜ್ಞಾಪನೆ.

ಶ್ರೀಪಾದರಾಜರು ದೀರ್ಘಕಾಲ ಸಂಸ್ಥಾನವನ್ನು ನಡೆಸಿ ನರಸಿಂಹತೀರ್ಥದಲ್ಲಿ ಬೃಂದಾವನಸ್ಥರಾದರು. ಅವರನ್ನು ಧ್ರುವಾಂಶಸಂಭೂತರೆಂದು ಸಂಪ್ರದಾಯವು ಪೂಜಿಸುತ್ತದೆ. ಧ್ರುವನಾದರೋ, ತಂದೆಯ ತೊಡೆಯಿಂದ ಇಳಿಸಲ್ಪಟ್ಟು ಅಳುತ್ತಾ ಕಾಡಿಗೆ ಹೋಗಿ ಹರಿಯನ್ನು ಕಂಡ ಬಾಲಕ.

ನಮ್ಮ ಕೆಂಪಾಪುರದಿಂದ ಮುಳಬಾಗಿಲು ಸುಮಾರು 100 ಕಿಲೋಮೀಟರು. ಹೆಬ್ಬಾಳದಿಂದ ವರ್ತುಲ ರಸ್ತೆಯಲ್ಲಿ ಕೃಷ್ಣರಾಜಪುರವನ್ನು ಸೇರಿ, ಹೊಸಕೋಟೆ, ಕೋಲಾರಗಳ ಮಾರ್ಗವಾಗಿ ಹೋದರೆ ಬೆಳಿಗ್ಗೆ ಹೊರಟವರು ಬೃಂದಾವನದ ದರ್ಶನ ಮಾಡಿಕೊಂಡು ಸಾಯಂಕಾಲ ಮರಳಬಹುದು. ಊರಿನ ಆಂಜನೇಯಸ್ವಾಮಿಯ ದರ್ಶನವನ್ನೂ ಮಾಡಿಕೊಳ್ಳತಕ್ಕದ್ದು. ತ್ರಯೋದಶಿಯಂದು ಪೂರ್ವಾರಾಧನೆ, ಚತುರ್ದಶಿಯಂದು ಮಧ್ಯಾರಾಧನೆ, ಹುಣ್ಣಿಮೆಯಂದು ಉತ್ತರಾರಾಧನೆ. ಹೋಗಲಾಗದವರು ಆ ಮೂರು ದಿನಗಳಲ್ಲಿ ಮನೆಯಲ್ಲಿಯೇ ಮಧ್ವನಾಮವನ್ನೂ, ಬಾರದಿದ್ದರೆ ಬಂದವರಿಂದ ಕಲಿತು ಭ್ರಮರಗೀತೆಯನ್ನೂ ಹೇಳಿಕೊಳ್ಳಬಹುದು.